ಟ್ರಾನ್ಸ್‌ಮಾನ್‌ಗೆ ಜೋಸೆಫ್‌ಸನ್ ಜಂಕ್ಷನ್ ಮಾಡುವ ಬಗೆ: ಓಮ್ ಲೆಕ್ಕದಿಂದ ಶುರುಮಾಡಿ

ನಾನು ಕ್ಲೀನ್‌ರೂಮಿನಲ್ಲಿ ಅಲ್ಯೂಮಿನಿಯಂ ಇವಾಪರೇಟರ್, ಅಂದರೆ ನಿರ್ವಾತದಲ್ಲಿ ಲೋಹವನ್ನು ಆವಿಮಾಡಿ ಲೇಪಿಸುವ ಯಂತ್ರ, ನೋಡಿಕೊಳ್ಳುವವಳು. ಸೂಪರ್‌ಕಂಡಕ್ಟಿಂಗ್ ಕ್ಯುಬಿಟ್ (ಕ್ವಾಂಟಮ್ ಕಂಪ್ಯೂಟರಿನ ಬಿಟ್) ಮಾಡಬೇಕೆಂದು ಹೊಸದಾಗಿ ಬರುವ ಹುಡುಗ ಹುಡುಗಿಯರ ಕೈಗೆ ನಾನು ಮೊದಲು ಕೊಡುವುದು ಬರೀ ಜಂಕ್ಷನ್‌ಗಳೇ ತುಂಬಿರುವ ಡಿಸೈನ್ ಫೈಲ್. ಅದರಲ್ಲಿ ಕ್ಯುಬಿಟ್ ಇರುವುದಿಲ್ಲ, ರೆಸೊನೇಟರ್ (ಮೈಕ್ರೊವೇವ್ ಅನುರಣಕ) ಇರುವುದಿಲ್ಲ. ಎರಡು ಪ್ಯಾಡ್, ನಡುವೆ ಒಂದು ಜಂಕ್ಷನ್, ಅಂಥವು ಸಾಲುಸಾಲಾಗಿ. ಕೆಲವರಿಗೆ ಮುಖ ಸಣ್ಣದಾಗುತ್ತದೆ. ಆದರೆ ಈ ಸಾಲುಗಳ ರೆಸಿಸ್ಟೆನ್ಸ್ ಹೇಳಿದ ಹಾಗೆ ಬರುವ ತನಕ ಕ್ಯುಬಿಟ್ ಚಿಪ್ ಮಾಡಿ ಅತಿಶೀತಲ ಫ್ರಿಜ್‌ಗೆ ಹಾಕುವುದು ವಾರಗಳನ್ನು ಕಳೆಯುವ ದಾರಿ. ತಣ್ಣಗಾಗಿಸಿ ಅಳೆದಮೇಲೆ ಗೊತ್ತಾಗುವುದರಲ್ಲಿ ಬಹುಪಾಲನ್ನು ಕೋಣೆಯ ಉಷ್ಣತೆಯಲ್ಲಿ, ಎರಡು ಸೂಜಿ ಊರಿ, ನಿಮಿಷದಲ್ಲಿ ತಿಳಿದುಕೊಳ್ಳಬಹುದು. ಈ ಬರಹ ಅದರ ಸುತ್ತವೇ ಇದೆ: ಅಲ್ಯೂಮಿನಿಯಂ, ಅದರ ಆಕ್ಸೈಡ್, ಮತ್ತೆ ಅಲ್ಯೂಮಿನಿಯಂ. ಈ ಮೂರು ಪದರದ ಜಂಕ್ಷನ್ನನ್ನು ಬೇಕಾದ ಓಮ್‌ಗೆ ಹೇಗೆ ತರುವುದು ಎಂಬುದು ವಿಷಯ.

ಮೊದಲು ಲೆಕ್ಕ

2007ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗುಂಪು ಮುಂದಿಟ್ಟ ಟ್ರಾನ್ಸ್‌ಮಾನ್ ಎಂಬುದು ಒಂದು ಬಗೆಯ ಸೂಪರ್‌ಕಂಡಕ್ಟಿಂಗ್ ಕ್ಯುಬಿಟ್: ಒಂದು ದೊಡ್ಡ ಕೆಪಾಸಿಟರ್, ಅದರ ಎರಡು ತುದಿಗೆ ಅಡ್ಡಲಾಗಿ ಒಂದು ಪುಟ್ಟ ಜಂಕ್ಷನ್. ಕೆಪಾಸಿಟರ್ ಎಷ್ಟಿರುತ್ತದೆ ಎಂಬುದು ಚಿತ್ರದಲ್ಲೇ ನಿಶ್ಚಯವಾಗಿಬಿಡುತ್ತದೆ. ನೂರಾರು ಮೈಕ್ರಾನ್ ಅಗಲದ ಪ್ಯಾಡಿನಲ್ಲಿ ಅರ್ಧ ಮೈಕ್ರಾನ್ ಹೆಚ್ಚುಕಡಿಮೆಯಾದರೂ ಫ್ರೀಕ್ವೆನ್ಸಿ ಅಷ್ಟೇನೂ ಅಲುಗಾಡುವುದಿಲ್ಲ. ಅಲುಗಾಡಿಸುವುದು ಜಂಕ್ಷನ್.

ಒಂದು ಉದಾಹರಣೆ ಹಿಡಿಯೋಣ. ಕೆಪಾಸಿಟೆನ್ಸ್ 80 ಫೆಮ್ಟೊಫ್ಯಾರಡ್. ಹಾಗಿದ್ದರೆ ಚಾರ್ಜಿಂಗ್ ಎನರ್ಜಿ, ಅಂದರೆ ಕೆಪಾಸಿಟರಿಗೆ ಒಂದು ಎಲೆಕ್ಟ್ರಾನ್ ತುಂಬಲು ಬೇಕಾದ ಶಕ್ತಿ, ಫ್ರೀಕ್ವೆನ್ಸಿಯ ಲೆಕ್ಕದಲ್ಲಿ ಸುಮಾರು 240 ಮೆಗಾಹರ್ಟ್ಜ್. ಜಂಕ್ಷನ್ನಿನ ಸಾಮಾನ್ಯ ಸ್ಥಿತಿಯ ರೆಸಿಸ್ಟೆನ್ಸ್, ಅಂದರೆ ಅತಿವಾಹಕವಾಗುವ ಮುಂಚಿನದು, 10 ಕಿಲೋಓಮ್ ಎಂದಿಟ್ಟುಕೊಳ್ಳಿ. ಅಂಬೆಗಾವ್‌ಕರ್–ಬಾರಾಟೋಫ್ ಸಂಬಂಧದ ಪ್ರಕಾರ ಕ್ರಿಟಿಕಲ್ ಕರೆಂಟನ್ನು (ರೆಸಿಸ್ಟೆನ್ಸ್ ಇಲ್ಲದೆ ಜಂಕ್ಷನ್ ಹರಿಸಬಲ್ಲ ಗರಿಷ್ಠ ಕರೆಂಟ್) ಈ ರೆಸಿಸ್ಟೆನ್ಸಿನಿಂದ ಗುಣಿಸಿದರೆ ಬರುವುದು ಲೋಹದ ಅತಿವಾಹಕ ಗ್ಯಾಪ್ (ಶಕ್ತಿಯ ಅಂತರ) ಮಾತ್ರ ನಿರ್ಧರಿಸುವ ಒಂದು ಸ್ಥಿರಸಂಖ್ಯೆ. ತೆಳು ಅಲ್ಯೂಮಿನಿಯಂ ಪದರಕ್ಕೆ ಅದು 280 ಮೈಕ್ರೊವೋಲ್ಟ್ ಆಸುಪಾಸು. ಹಾಗಾಗಿ ಕ್ರಿಟಿಕಲ್ ಕರೆಂಟ್ 28 ನ್ಯಾನೊಆಂಪಿಯರ್, ಜೋಸೆಫ್‌ಸನ್ ಎನರ್ಜಿ ಸುಮಾರು 14 ಗಿಗಾಹರ್ಟ್ಜ್. ಎರಡು ಎನರ್ಜಿಗಳ ಗುಣಲಬ್ಧವನ್ನು ಎಂಟರಿಂದ ಗುಣಿಸಿ, ವರ್ಗಮೂಲ ತೆಗೆದು, ಚಾರ್ಜಿಂಗ್ ಎನರ್ಜಿ ಕಳೆದರೆ ಕ್ಯುಬಿಟ್ ಫ್ರೀಕ್ವೆನ್ಸಿ ಹೆಚ್ಚುಕಡಿಮೆ 5 ಗಿಗಾಹರ್ಟ್ಜ್.

ಇದರಿಂದ ನೆನಪಿಡಬೇಕಾದ್ದು ಇಷ್ಟು. ಫ್ರೀಕ್ವೆನ್ಸಿ ರೆಸಿಸ್ಟೆನ್ಸಿನ ವರ್ಗಮೂಲಕ್ಕೆ ವಿಲೋಮ. ಓಮ್‌ನಲ್ಲಿ ಶೇ 2 ತಪ್ಪಿದರೆ ಫ್ರೀಕ್ವೆನ್ಸಿಯಲ್ಲಿ ಶೇ 1, ಅಂದರೆ 50 ಮೆಗಾಹರ್ಟ್ಜ್. ಪಕ್ಕಪಕ್ಕದ ಎರಡು ಕ್ಯುಬಿಟ್‌ಗಳ ನಡುವೆ ನೀವು ಲೆಕ್ಕಹಾಕಿ ಇಟ್ಟ ಅಂತರವನ್ನು ಕೆಡಿಸಲು ಅಷ್ಟು ಸಾಕಾಗುತ್ತದೆ. ಇನ್ನು ಜಂಕ್ಷನ್ ಗಾತ್ರ 200 ನ್ಯಾನೊಮೀಟರ್ ಚೌಕ ಎಂದುಕೊಂಡರೆ, ಉದ್ದ ಅಗಲ ಎರಡರಲ್ಲೂ ಬರೀ 2 ನ್ಯಾನೊಮೀಟರ್ ವ್ಯತ್ಯಾಸವಾದರೆ ಆ ಶೇ 2 ಆಗಿಹೋಗುತ್ತದೆ. ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣದ, ಬೀಕರ್ ಸ್ವಲ್ಪ ಬೆಚ್ಚಗಾದರೂ ನಾನು ಯಾಕೆ ಗಲಾಟೆ ಮಾಡುತ್ತೇನೆ ಎಂಬುದಕ್ಕೆ ಉತ್ತರ ಈ ಸಂಖ್ಯೆಯಲ್ಲಿದೆ.

ಇನ್ನೊಂದು ಮಾತು. ಕೋಣೆಯಲ್ಲಿ ಅಳೆದ ಓಮ್ ಮತ್ತು ತಣ್ಣಗಿನ ಓಮ್ ಒಂದೇ ಅಲ್ಲ. ತಣಿಸಿದಾಗ ಶೇ 10ರ ಹತ್ತಿರವೋ ಅದಕ್ಕಿಂತ ತುಸು ಹೆಚ್ಚೋ ಏರುತ್ತದೆ. ಬೇರೆಯವರ ಗುಣಕ ಎರವಲು ತರಬೇಡಿ. ನಿಮ್ಮದೇ ಜಂಕ್ಷನ್‌ಗಳನ್ನು ಒಮ್ಮೆ ತಣಿಸಿ ನಿಮ್ಮ ಗುಣಕ ಕಂಡುಕೊಳ್ಳಿ, ಆಮೇಲೆ ಅದನ್ನೇ ಹಿಡಿದು ನಡೆಯಿರಿ.

ವೇಫರ್ ಮತ್ತು ತಳದ ಲೋಹ

ಹೆಚ್ಚು ರೆಸಿಸ್ಟಿವಿಟಿಯ ಸಿಲಿಕಾನ್, 10 ಕಿಲೋಓಮ್-ಸೆಂಟಿಮೀಟರ್‌ಗಿಂತ ಮೇಲಿನದು, ಅಥವಾ ಸಫೈರ್. ಕಲಿಯುವವರಿಗೆ ಸಿಲಿಕಾನೇ ಸಲೀಸು: ಕತ್ತರಿಸುವುದು ಸುಲಭ, ಇ-ಬೀಮ್ (ಚಿತ್ರ ಬರೆಯುವ ಎಲೆಕ್ಟ್ರಾನ್ ಕಿರಣ) ಅಡಿಯಲ್ಲಿ ಚಾರ್ಜ್ ತುಂಬಿಕೊಳ್ಳುವ ಕಾಟ ಕಡಿಮೆ. ಸಫೈರ್ ಆದರೆ ರೆಸಿಸ್ಟ್ (ಕಿರಣ ಬಿದ್ದಲ್ಲಿ ಕರಗುವಂತಾಗುವ ಪಾಲಿಮರ್ ಲೇಪ) ಮೇಲೆ ತೆಳುವಾದ ವಾಹಕ ಪದರ ಹಾಕಲೇಬೇಕು, ಇಲ್ಲದಿದ್ದರೆ ಬೀಮ್ ಎತ್ತೆತ್ತಲೋ ಸರಿದು ಚಿತ್ರ ವಕ್ರವಾಗುತ್ತದೆ.

ಕೆಪಾಸಿಟರ್, ರೆಸೊನೇಟರ್, ಗ್ರೌಂಡ್ ಎಲ್ಲ ಸೇರಿದ ತಳದ ಲೋಹಕ್ಕೆ ನಿಯೋಬಿಯಂ, ಟ್ಯಾಂಟಲಂ ಇಲ್ಲವೇ ಅಲ್ಯೂಮಿನಿಯಂ ಬಳಸುತ್ತಾರೆ. ನಿಯೋಬಿಯಂ 9.2 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ, ಅಲ್ಯೂಮಿನಿಯಂ 1.2ರಲ್ಲಿ. ಟ್ಯಾಂಟಲಂಗೆ ಎರಡು ರೂಪ: ನಮಗೆ ಬೇಕಾದ ಆಲ್ಫಾ ರೂಪ 4.4 ಕೆಲ್ವಿನ್ ಹತ್ತಿರ ಅತಿವಾಹಕ, ಬೀಟಾ ರೂಪ ಅದಕ್ಕಿಂತ ಬಹಳ ಕೆಳಗೆ. 2021ರಲ್ಲಿ ಪ್ರಿನ್ಸ್‌ಟನ್ ಗುಂಪು ಸಫೈರ್ ಮೇಲೆ ಟ್ಯಾಂಟಲಂ ಹಾಕಿ ಕ್ಯುಬಿಟ್ ಆಯುಷ್ಯವನ್ನು 0.3 ಮಿಲಿಸೆಕೆಂಡ್ ದಾಟಿಸಿದ ಮೇಲೆ ಎಲ್ಲರ ಕಣ್ಣೂ ಅದರ ಮೇಲೆ ಬಿತ್ತು. ಅಲ್ಲಿ ಲಾಭ ಬಂದದ್ದು ಹೆಚ್ಚಾಗಿ ಮೇಲ್ಮೈಯಿಂದ. ಟ್ಯಾಂಟಲಂನ ಆಕ್ಸೈಡ್ ತೆಳು, ಗಟ್ಟಿ. ಆ ಲೋಹ ಪಿರಾನ್ಹಾ ದ್ರಾವಣದಂಥ ಕಠಿಣ ತೊಳೆತವನ್ನೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂ ತಾಳುವುದಿಲ್ಲ.

ಲೋಹ ಹಾಕುವ ಮುಂಚೆ ಸಿಲಿಕಾನ್‌ನ ಸ್ವಾಭಾವಿಕ ಆಕ್ಸೈಡ್ ತೆಗೆಯಬೇಕು. ಅದಕ್ಕೆ ಹೈಡ್ರೊಫ್ಲೋರಿಕ್ ಆಮ್ಲ. ಇದು ಚರ್ಮದ ಮೇಲೆ ಬಿದ್ದಾಗ ತಕ್ಷಣ ಉರಿಯದೇ ಇರಬಹುದು, ಒಳಗಿಳಿದು ಮೈಯ ಕ್ಯಾಲ್ಸಿಯಂ ಹಿಡಿಯುತ್ತದೆ, ಜೀವಕ್ಕೇ ಅಪಾಯ. ತರಬೇತಿ ಆಗದೆ ಮುಟ್ಟಬೇಡಿ. ಒಬ್ಬರೇ ಇದ್ದಾಗ ಮುಟ್ಟಬೇಡಿ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಎಲ್ಲಿದೆ ಎಂದು ಕಣ್ಣಾರೆ ನೋಡಿ, ಅವಧಿ ಮುಗಿದಿದೆಯೇ ಎಂದು ಓದಿ, ಆಮೇಲೆ ಗ್ಲೋವ್ಸ್ ಹಾಕಿ. ಆಮ್ಲದಿಂದ ತೆಗೆದ ವೇಫರ್ ಗಾಳಿಯಲ್ಲಿ ಕಾಯಬಾರದು, ನೇರ ನಿರ್ವಾತಕ್ಕೆ ಹೋಗಬೇಕು.

ಈ ಚೊಕ್ಕತನದ ಹಿಂದೆ ಒಂದೇ ಕಾರಣ ಇದೆ. ಕ್ಯುಬಿಟ್‌ನ ಶಕ್ತಿ ಸೋರುವುದು ಮುಖ್ಯವಾಗಿ ಲೋಹ–ತಳ, ಲೋಹ–ಗಾಳಿ, ತಳ–ಗಾಳಿ ಸಂದುಗಳಲ್ಲಿ ಕುಳಿತ ಅಸ್ತವ್ಯಸ್ತ ಆಕ್ಸೈಡ್‌ಗಳಲ್ಲಿ ಮತ್ತು ರೆಸಿಸ್ಟ್ ಕೊಳೆಯಲ್ಲಿ. ಅವುಗಳಲ್ಲಿ ಎರಡು ಮಟ್ಟದ ಪುಟ್ಟ ವ್ಯವಸ್ಥೆಗಳಿರುತ್ತವೆ, ಅವು ಕ್ಯುಬಿಟ್‌ನ ಫ್ರೀಕ್ವೆನ್ಸಿಯಲ್ಲೇ ಶಕ್ತಿ ನುಂಗುತ್ತವೆ.

ತಳದ ಲೋಹವನ್ನು ಫೋಟೊಲಿಥೊಗ್ರಫಿಯಲ್ಲಿ ಬರೆದು, ಫ್ಲೋರಿನ್ ಅಥವಾ ಕ್ಲೋರಿನ್ ಪ್ಲಾಸ್ಮಾದಲ್ಲಿ ಎಚ್ ಮಾಡುವುದು (ಬೇಡದ ಲೋಹ ಕೊರೆದು ತೆಗೆಯುವುದು) ಯಾವ ಕ್ಲೀನ್‌ರೂಮಿನಲ್ಲೂ ನಡೆಯುವ ಕೆಲಸ, ಅದನ್ನು ವಿಸ್ತರಿಸುವುದಿಲ್ಲ. ಒಂದೇ ಎಚ್ಚರಿಕೆ: ಸಾಮಾನ್ಯ ಫೋಟೊರೆಸಿಸ್ಟ್ ಡೆವಲಪರ್‌ನಲ್ಲಿರುವ ಟೆಟ್ರಾಮೀಥೈಲ್ ಅಮೋನಿಯಂ ಹೈಡ್ರಾಕ್ಸೈಡ್ ಅಲ್ಯೂಮಿನಿಯಂ ಅನ್ನು ಕರಗಿಸುತ್ತದೆ. ಜಂಕ್ಷನ್ ಆದಮೇಲೆ ಫೋಟೊಲಿಥೊಗ್ರಫಿ ಮಾಡಬೇಕಾಗಿ ಬಂದರೆ ಈ ಮಾತು ಮರೆಯಬೇಡಿ.

ರೆಸಿಸ್ಟ್, ಸೇತುವೆ, ಓಣಿ

ಈಗ ಜೀವಾಳಕ್ಕೆ ಬರೋಣ. ಒಂದೇ ನಿರ್ವಾತದಲ್ಲಿ, ಹೊರಗೆ ತೆಗೆಯದೆ, ಎರಡು ಲೋಹದ ಪದರ ಹಾಕಬೇಕು, ನಡುವೆ ಆಕ್ಸೈಡ್ ಬೆಳೆಸಬೇಕು. ಮಾಸ್ಕ್ ಬದಲಿಸುವ ಹಾಗಿಲ್ಲ. ಹಾಗಾಗಿ ಮಾಸ್ಕ್ ಒಂದೇ, ಲೋಹ ಬರುವ ಕೋನ ಎರಡು. ಇಳಿಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ನೆಲದ ಮೇಲಿನ ಬೆಳಕಿನ ಚೌಕ ಕಿಟಕಿಯ ನೇರ ಕೆಳಗಿರದೆ ಪಕ್ಕಕ್ಕೆ ಸರಿದಿರುತ್ತದಲ್ಲ, ಹಾಗೆಯೇ ಓರೆಯಾಗಿ ಬಂದ ಅಲ್ಯೂಮಿನಿಯಂ ಕಿಂಡಿಯ ಕೆಳಗೆ ಸರಿದು ಕೂರುತ್ತದೆ.

ರೆಸಿಸ್ಟ್ ಎರಡು ಪದರ. ಕೆಳಗೆ ಎಂಎಂಎ ಕೋಪಾಲಿಮರ್, ಮೇಲೆ ತೆಳ್ಳಗೆ ಪಿಎಂಎಂಎ. ಕೆಳಗಿನದು ಬೀಮ್‌ಗೆ ಹೆಚ್ಚು ಸೂಕ್ಷ್ಮ, ಹಾಗಾಗಿ ಡೆವಲಪ್ ಮಾಡಿದಾಗ ಮೇಲಿನ ಕಿಂಡಿಗಿಂತ ಕೆಳಗೆ ಅಗಲವಾಗಿ ಕರಗಿ ಪೊಳ್ಳಾಗುತ್ತದೆ. ಮೇಲಿನ ಪಟ್ಟಿ ಗಾಳಿಯಲ್ಲಿ ಸೇತುವೆಯಂತೆ ನಿಲ್ಲುತ್ತದೆ. ಇದನ್ನು ಡೋಲನ್ ಸೇತುವೆ ಎನ್ನುತ್ತೇವೆ, 1977ರಲ್ಲಿ ಈ ಉಪಾಯ ಪ್ರಕಟಿಸಿದ ಜೆರಾಲ್ಡ್ ಡೋಲನ್ ಹೆಸರಿನಿಂದ.

ಇದರ ಜ್ಯಾಮಿತಿ ಕೈಯಲ್ಲೇ ಲೆಕ್ಕ ಹಾಕಿ ನೋಡಿ. ಕೆಳಪದರ 600 ನ್ಯಾನೊಮೀಟರ್ ದಪ್ಪ, ಕೋನ ಎಡಕ್ಕೆ 20 ಡಿಗ್ರಿ, ಬಲಕ್ಕೆ 20 ಡಿಗ್ರಿ. ಒಂದೊಂದು ಸಲಕ್ಕೆ ಲೋಹ ಸೇತುವೆಯ ಕೆಳಗೆ 218 ನ್ಯಾನೊಮೀಟರ್ ನುಗ್ಗುತ್ತದೆ, ಎರಡೂ ಕಡೆಯಿಂದ ಸೇರಿ ಸುಮಾರು 437. ಸೇತುವೆ 237 ಅಗಲ ಇದ್ದರೆ ಎರಡು ಪದರ ಒಂದರ ಮೇಲೊಂದು ಬೀಳುವುದು 200. ಈಗ ರೆಸಿಸ್ಟ್ ದಪ್ಪ ಬರೀ 10 ನ್ಯಾನೊಮೀಟರ್ ಹೆಚ್ಚಾಯಿತು ಎನ್ನಿ. ಆ 200 ಎಂಬುದು 207 ಆಗುತ್ತದೆ, ಶೇ 3.6 ಹೆಚ್ಚು. ಸ್ಪಿನ್ ಮಾಡಿದ ರೆಸಿಸ್ಟ್ ವೇಫರ್ ಅಂಚಿನಲ್ಲಿ ಅಷ್ಟು ಬದಲಾಗುವುದು ದೊಡ್ಡ ಮಾತಲ್ಲ.

ಈ ಕಾರಣಕ್ಕೇ ನಾನು ಒಂದೆರಡು ಚಿಪ್‌ಗಿಂತ ದೊಡ್ಡದನ್ನು ಮಾಡುವವರಿಗೆ ಮ್ಯಾನ್‌ಹಟನ್ ವಿಧಾನ ಹೇಳುತ್ತೇನೆ. ಇದರಲ್ಲಿ ಸೇತುವೆಯೇ ಇಲ್ಲ. ಕಿರಿದಾದ ಎರಡು ಓಣಿಗಳು ಲಂಬವಾಗಿ ಕತ್ತರಿಸುತ್ತವೆ. ಮೊದಲ ಓಣಿಯ ಉದ್ದಕ್ಕೆ 45 ಡಿಗ್ರಿ ಓರೆಯಲ್ಲಿ ಲೋಹ ಕಳಿಸಿದರೆ ಆ ಓಣಿಯ ತಳಕ್ಕೆ ಲೋಹ ಇಳಿಯುತ್ತದೆ. ಅಡ್ಡ ಓಣಿಯಲ್ಲಿ ಮಾತ್ರ ಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ, ಯಾಕೆಂದರೆ ಓಣಿಯ ಆಳ ಅದರ ಅಗಲಕ್ಕಿಂತ ಎಷ್ಟೋ ಹೆಚ್ಚು. ಆಮೇಲೆ ವೇಫರನ್ನು ತನ್ನ ಅಕ್ಷದಲ್ಲೇ 90 ಡಿಗ್ರಿ ತಿರುಗಿಸಿ ಎರಡನೆಯದು. ಜಂಕ್ಷನ್ ಗಾತ್ರ ಎಂದರೆ ಎರಡು ಓಣಿಗಳ ಅಗಲ, ಅಷ್ಟೇ. ರೆಸಿಸ್ಟ್ ದಪ್ಪ ಲೆಕ್ಕದಿಂದ ಬಹುಮಟ್ಟಿಗೆ ಹೊರಬೀಳುತ್ತದೆ. ಒಟ್ಟು ದಪ್ಪ 800, ಅಗಲ 200 ಇದ್ದರೆ ನೆರಳಿಗೆ ಬೇಕಾದಷ್ಟು ಜಾಗ ಇದೆ.

ಸ್ಪಿನ್ ಮಾಡಿ, 180 ಡಿಗ್ರಿ ಹಾಟ್‌ಪ್ಲೇಟಿನಲ್ಲಿ ಪ್ರತಿ ಪದರವನ್ನೂ ಬೇಕ್ ಮಾಡಿ. ಇ-ಬೀಮ್ ಡೋಸ್ (ಚದರಳತೆಗೆ ಬೀಳುವ ಎಲೆಕ್ಟ್ರಾನ್ ಪ್ರಮಾಣ) ಎಷ್ಟೆಂದು ಯಾರನ್ನೂ ಕೇಳಬೇಡಿ, ಡೋಸ್ ಸರಣಿ ಬರೆದು ನೋಡಿ. ಅದೇ ಜಂಕ್ಷನ್, ಹತ್ತಾರು ಡೋಸ್‌ಗಳಲ್ಲಿ. ಡೆವಲಪ್ ಮಾಡಿ, ಆ ಚೂರಿಗೆ ತೆಳುವಾಗಿ ಲೋಹ ಲೇಪಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ. ಡೋಸ್ ಶೇ 5 ಬದಲಾದರೆ ಅಗಲ ಎಷ್ಟು ಬದಲಾಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಆ ಬದಲಾವಣೆ ತೀರಾ ಕಡಿಮೆ ಇರುವ ಡೋಸನ್ನೇ ಆರಿಸಿ. ಚಿತ್ರದಲ್ಲಿ ಬರೆದ ಅಗಲಕ್ಕೆ ಅದು ಸರಿಹೊಂದದಿದ್ದರೆ ಚಿತ್ರ ತಿದ್ದಿ, ಡೋಸ್ ತಿದ್ದಬೇಡಿ.

ಡೆವಲಪರ್‌ನ ವಿಷಯದಲ್ಲಿ ಉಷ್ಣತೆಯೇ ಮುಖ್ಯ. ಮೀಥೈಲ್ ಐಸೊಬ್ಯುಟೈಲ್ ಕೀಟೋನ್ ಒಂದು ಪಾಲು, ಐಸೊಪ್ರೊಪೈಲ್ ಆಲ್ಕೊಹಾಲ್ ಮೂರು ಪಾಲು ಹಳೆಯ ಮಿಶ್ರಣ. ಐಸೊಪ್ರೊಪೈಲ್ ಮೂರು, ನೀರು ಒಂದು, ತಣ್ಣಗೆ ಮಾಡಿ ಬಳಸುವುದು ಇನ್ನೊಂದು. ನಾನು ಎರಡನೆಯದರ ಪರ. ತಣ್ಣಗಿದ್ದಾಗ ಡೆವಲಪ್ ನಿಧಾನ, ಹಾಗಾಗಿ ಐದು ಸೆಕೆಂಡ್ ಆಚೀಚೆಯಾದರೆ ಕೆಡುವುದು ಕಡಿಮೆ. ಬೀಕರನ್ನು ಚಿಲ್ಲರ್ ಸ್ನಾನದಲ್ಲಿ ಇಟ್ಟು, ಥರ್ಮಾಮೀಟರ್ ಮುಳುಗಿಸಿ, ನೀರಿನ ಉಷ್ಣತೆ ಅಲ್ಲ, ಬೀಕರಿನೊಳಗಿನ ಉಷ್ಣತೆ ಸ್ಥಿರವಾಗುವ ತನಕ ಕಾಯಿರಿ. ಅರ್ಧ ಗಂಟೆ ಹಿಡಿಯುತ್ತದೆ. ವೇಫರನ್ನು ಚಿಮಟದಲ್ಲಿ ಹಿಡಿದು ಒಂದೇ ವೇಗದಲ್ಲಿ ಆಡಿಸಿ. ತೆಗೆದ ಮೇಲೆ ಐಸೊಪ್ರೊಪೈಲ್‌ನಲ್ಲಿ ತೊಳೆದು, ನೈಟ್ರೊಜನ್ ಗನ್ನನ್ನು ವೇಫರಿಗೆ ಸಮಾಂತರವಾಗಿ ಹಿಡಿದು ಒಣಗಿಸಿ. ನೇರ ಮೇಲಿಂದ ಊದಿದರೆ ಸೇತುವೆ ಕುಸಿಯುತ್ತದೆ.

ಡೆವಲಪ್ ಆದಮೇಲೆ ಕಿಂಡಿಯ ತಳ ಖಾಲಿ ಕಂಡರೂ ಕೆಲವು ನ್ಯಾನೊಮೀಟರ್ ರೆಸಿಸ್ಟ್ ಶೇಷ ಅಂಟಿಕೊಂಡಿರುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಕೂತರೆ ಜಂಕ್ಷನ್ ದಿನದಿನಕ್ಕೆ ಬದಲಾಗುತ್ತದೆ, ಆಯುಷ್ಯವೂ ಕುಗ್ಗುತ್ತದೆ. ಸೌಮ್ಯ ಆಕ್ಸಿಜನ್ ಪ್ಲಾಸ್ಮಾದಲ್ಲಿ ಅಥವಾ ಯುವಿ–ಓಜೋನ್‌ನಲ್ಲಿ ಸ್ವಲ್ಪ ಹೊತ್ತು ಇಡಿ. ಎಷ್ಟು ಹೊತ್ತು ಎನ್ನುವುದನ್ನು ಗಡಿಯಾರ ಹೇಳುವುದಿಲ್ಲ. ಬೇರೆ ವೇಫರಿನಲ್ಲಿ ರೆಸಿಸ್ಟ್ ದಪ್ಪವನ್ನು ಮುಂಚೆ ಮತ್ತು ಆಮೇಲೆ ಅಳೆದು, ಎಷ್ಟು ನ್ಯಾನೊಮೀಟರ್ ಹೋಯಿತು ಎಂದು ತಿಳಿಯಿರಿ. ಇದೇ ಪ್ಲಾಸ್ಮಾ ಓಣಿಯ ಗೋಡೆಗಳನ್ನೂ ಸವೆಸುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಚೇಂಬರ್ ಬಿಸಿ ಇದ್ದಾಗ ಒಂದು ವೇಗ, ಬೆಳಗಿನ ಮೊದಲ ರನ್‌ನಲ್ಲಿ ಇನ್ನೊಂದು. ಹಾಗಾಗಿ ಖಾಲಿ ರನ್ ಒಂದನ್ನು ಓಡಿಸಿಯೇ ವೇಫರ್ ಹಾಕಿ.

ಇವಾಪರೇಟರ್

ಇಲ್ಲಿ ಅವಸರಕ್ಕೆ ಜಾಗವೇ ಇಲ್ಲ. ವೇಫರ್ ಹಾಕಿದ ಸಂಜೆಯಿಂದ ಮರುದಿನ ಬೆಳಗಿನವರೆಗೆ ಪಂಪ್ ಮಾಡುವುದು ನನ್ನ ರೂಢಿ. ಒತ್ತಡ 10ರ ಮೈನಸ್ 7ನೆಯ ಘಾತ ಮಿಲಿಬಾರ್‌ಗಿಂತ ಕೆಳಗೆ ಹೋಗಬೇಕು. ಆಮೇಲೆ ಶಟರ್ ಮುಚ್ಚಿಕೊಂಡೇ ಸ್ವಲ್ಪ ಟೈಟಾನಿಯಂ ಆವಿ ಮಾಡಿ. ಗೋಡೆಗಳ ಮೇಲೆ ಕೂತ ಹೊಸ ಟೈಟಾನಿಯಂ ಉಳಿದ ಆಕ್ಸಿಜನ್ ಮತ್ತು ನೀರಾವಿಯನ್ನು ಹೀರಿಕೊಳ್ಳುತ್ತದೆ, ಗೇಜಿನ ಮುಳ್ಳು ಇಳಿಯುವುದನ್ನು ನಿಂತು ನೋಡಬಹುದು.

ಮೊದಲ ಪದರ ವೇಫರ್ ಮೇಲೆ 30 ನ್ಯಾನೊಮೀಟರ್, ಸೆಕೆಂಡಿಗೆ ಅರ್ಧದಿಂದ ಒಂದು ನ್ಯಾನೊಮೀಟರ್ ವೇಗ. ಕ್ವಾರ್ಟ್ಜ್ ಮಾನಿಟರ್ ತೋರಿಸುವ ದಪ್ಪ ಆವಿಗೆ ನೇರವಾಗಿ ನಿಂತ ಮೇಲ್ಮೈಯದು, ಓರೆಯಾದ ವೇಫರ್ ಮೇಲೆ ಬೀಳುವುದು ಅದರ ಕೊಸೈನ್ ಪಾಲು. 45 ಡಿಗ್ರಿಯಲ್ಲಿ 30 ಬೇಕಿದ್ದರೆ ಮಾನಿಟರ್ 42 ತೋರಿಸಬೇಕು. ಎರಡನೆಯ ಪದರ ಮೊದಲನೆಯದಕ್ಕಿಂತ ದಪ್ಪ ಇರಲೇಬೇಕು, ನಾನು ದುಪ್ಪಟ್ಟು ಇಡುತ್ತೇನೆ, ಯಾಕೆಂದರೆ ಅದು ಮೊದಲನೆಯದರ ಮೆಟ್ಟಿಲು ಹತ್ತಬೇಕು. ತೆಳುವಾದರೆ ಮೆಟ್ಟಿಲಿನ ಮೂಲೆಯಲ್ಲಿ ಹರಿಯುತ್ತದೆ.

ಮೊದಲ ಪದರ ಮುಗಿದ ಕೂಡಲೇ ಆಕ್ಸಿಜನ್ ಬಿಡಬೇಡಿ. ಲೋಹ ಆವಿಯಾಗುವ ಮೂಲದ ಬಿಸಿಗೆ ವೇಫರ್ ಕಾದಿರುತ್ತದೆ, ತಣಿಯಲು ಬಿಡಿ, ಪ್ರತಿ ಸಲವೂ ಅಷ್ಟೇ ಹೊತ್ತು. ಆಮೇಲೆ ಪಂಪಿನ ವಾಲ್ವ್ ಮುಚ್ಚಿ, ಶುದ್ಧ ಆಕ್ಸಿಜನ್ ಅಥವಾ ಆರ್ಗಾನ್–ಆಕ್ಸಿಜನ್ ಮಿಶ್ರಣ ಬಿಟ್ಟು, ಗುರಿ ಒತ್ತಡ ತಲುಪಿದ ಕ್ಷಣದಿಂದ ಸಮಯ ಎಣಿಸಿ. ಕೆಲವು ಮಿಲಿಬಾರ್, ಹತ್ತು ಹದಿನೈದು ನಿಮಿಷ: ಇದು ಟ್ರಾನ್ಸ್‌ಮಾನ್ ಜಂಕ್ಷನ್‌ಗೆ ಶುರುಮಾಡಲು ಒಳ್ಳೆಯ ಜಾಗ. ಬೆಳೆಯುವ ಆಕ್ಸೈಡ್ 1ರಿಂದ 2 ನ್ಯಾನೊಮೀಟರ್, ಕೆಲವೇ ಪರಮಾಣು ಪದರ. ಎಲೆಕ್ಟ್ರಾನ್ ಜೋಡಿಗಳು ಇದರ ಮೂಲಕ ಸುರಂಗ ಹೊಕ್ಕಂತೆ ದಾಟುತ್ತವೆ ಎಂದು ಬ್ರಯಾನ್ ಜೋಸೆಫ್‌ಸನ್ 1962ರಲ್ಲಿ ಹೇಳಿದ್ದು. ದಾಟುವ ಸಾಧ್ಯತೆ ದಪ್ಪದೊಂದಿಗೆ ಘಾತೀಯವಾಗಿ ಕುಸಿಯುವುದರಿಂದ, ಒಂದು ಪರಮಾಣು ಪದರದ ಏರುಪೇರೂ ಓಮ್‌ನಲ್ಲಿ ದೊಡ್ಡದಾಗಿ ಕಾಣುತ್ತದೆ.

ಒತ್ತಡ ಮತ್ತು ಸಮಯದ ಗುಣಲಬ್ಧವೇ ನಾವು ತಿರುಗಿಸುವ ಮುಖ್ಯ ಗುಂಡಿ. ಅದು ಹೆಚ್ಚಿದಷ್ಟೂ ಕರೆಂಟ್ ಸಾಂದ್ರತೆ ಇಳಿಯುತ್ತದೆ, ಓಮ್ ಏರುತ್ತದೆ. ನನ್ನ ಅಭಿಪ್ರಾಯ ಗಟ್ಟಿಯಾದದ್ದು: ಈ ಗುಂಡಿಯನ್ನು ಒಮ್ಮೆ ಗುರಿಯ ಹತ್ತಿರ ತಂದಮೇಲೆ ಮತ್ತೆ ಮುಟ್ಟಬೇಡಿ. ಉಳಿದ ತಿದ್ದುಪಡಿಯೆಲ್ಲ ಜಂಕ್ಷನ್ ಗಾತ್ರದಲ್ಲಿ ಆಗಲಿ. ಎರಡನ್ನೂ ಒಟ್ಟಿಗೆ ತಿರುಗಿಸುವವರಿಗೆ ಮುಂದಿನ ರನ್‌ನಲ್ಲಿ ಯಾವುದು ಏನು ಮಾಡಿತೆಂದು ಹೇಳಲು ಬಾಯಿರುವುದಿಲ್ಲ.

ಆಕ್ಸಿಜನ್ ತೆಗೆದು, ನಿರ್ವಾತ ಮತ್ತೆ ಕೂಡಿಬಂದ ಮೇಲೆ ಎರಡನೆಯ ಪದರ. ಕೊನೆಗೆ ಚೇಂಬರ್ ತೆರೆಯುವ ಮುಂಚೆ ಇನ್ನೊಮ್ಮೆ ಶುದ್ಧ ಆಕ್ಸಿಜನ್ ಬಿಟ್ಟು ಸ್ವಲ್ಪ ಹೊತ್ತು ಇಡಿ. ಮೇಲ್ಮೈಯ ಆಕ್ಸೈಡ್ ಕೋಣೆಯ ತೇವದ ಗಾಳಿಯಲ್ಲಿ ಬೆಳೆಯುವುದಕ್ಕಿಂತ ಇಲ್ಲಿ ಬೆಳೆಯುವುದು ಮೇಲು.

ದೊಡ್ಡ ವೇಫರ್ ಇಟ್ಟವರು ಇನ್ನೊಂದನ್ನು ಗಮನಿಸಬೇಕು. ಮೂಲ ಅರ್ಧ ಮೀಟರ್ ದೂರದಲ್ಲಿದ್ದರೆ, ಮಧ್ಯದಿಂದ 25 ಮಿಲಿಮೀಟರ್ ಆಚೆಯ ಚಿಪ್‌ಗೆ ಲೋಹ ಬರುವ ಕೋನ ಸುಮಾರು 3 ಡಿಗ್ರಿ ಬೇರೆ. ಓಣಿಯ ಗೋಡೆಗೆ ಅಂಟಿದ ಲೋಹ ಓಣಿಯನ್ನೇ ಕಿರಿದುಮಾಡುವುದರಿಂದ, ಅಂಚಿನ ಜಂಕ್ಷನ್‌ಗಳು ಮಧ್ಯದವಕ್ಕಿಂತ ವ್ಯವಸ್ಥಿತವಾಗಿ ಬೇರೆಯಾಗುತ್ತವೆ. ಈ ಬದಲಾವಣೆ ನಿಯತವಾದ್ದರಿಂದ ಒಮ್ಮೆ ನಕ್ಷೆ ತೆಗೆದು ಡಿಸೈನ್‌ನಲ್ಲೇ ಸರಿದೂಗಿಸಬಹುದು.

ಲಿಫ್ಟ್‌ಆಫ್‌ಗೆ, ಅಂದರೆ ರೆಸಿಸ್ಟ್ ಕರಗಿಸಿ ಅದರ ಮೇಲಿನ ಲೋಹ ಎತ್ತಿ ತೆಗೆಯಲು, 80 ಡಿಗ್ರಿಯ ಎನ್‌ಎಂಪಿ ಅಥವಾ ಡಿಎಂಎಸ್‌ಒ ಆಧಾರಿತ ದ್ರಾವಣ, ಕೆಲವು ಗಂಟೆ. ಎನ್‌ಎಂಪಿ ಗರ್ಭಸ್ಥ ಶಿಶುವಿಗೆ ಹಾನಿಕರ, ಫ್ಯೂಮ್ ಹುಡ್ ಬಿಟ್ಟು ಹೊರಗೆ ತರಬೇಡಿ. ಲೋಹದ ಹಾಳೆ ತಾನಾಗಿ ಸುಕ್ಕುಗಟ್ಟಿ ಏಳುತ್ತದೆ. ಪಿಪೆಟ್‌ನಿಂದ ಮೆಲ್ಲಗೆ ದ್ರಾವಣ ಚಿಮ್ಮಿಸಿ ಅದನ್ನು ದೂರ ಸರಿಸಿ. ಚೂರುಗಳು ತೇಲುತ್ತಿರುವಾಗ ವೇಫರ್ ಮೇಲಕ್ಕೆತ್ತಿ ಒಣಗಲು ಬಿಟ್ಟರೆ ಅವು ಅಂಟಿ ಕೂರುತ್ತವೆ, ಮತ್ತೆ ಏಳುವುದಿಲ್ಲ.

ಸೂಜಿ ಊರಿ ಅಳೆಯುವುದು

ಜಂಕ್ಷನ್‌ಗೆ ದೊಡ್ಡ ಶತ್ರು ನಿಮ್ಮ ಮೈಯ ಸ್ಥಿರವಿದ್ಯುತ್. ಆ 2 ನ್ಯಾನೊಮೀಟರ್ ಆಕ್ಸೈಡ್ ಒಂದೆರಡು ವೋಲ್ಟ್ ಕೂಡ ತಾಳುವುದಿಲ್ಲ. ಮಣಿಕಟ್ಟಿನ ಪಟ್ಟಿ ಕಟ್ಟಿ, ಸೂಜಿಗಳನ್ನು ಗ್ರೌಂಡ್‌ಗೆ ಸೇರಿಸಿಟ್ಟು, ಪ್ಯಾಡ್ ಮುಟ್ಟಿದ ಮೇಲೆ ಗ್ರೌಂಡ್ ಬಿಡಿಸಿ. ಕೈಮೀಟರಿನಿಂದ ಅಳೆಯಬೇಡಿ. ಜಂಕ್ಷನ್ ಮೇಲೆ ಕೆಲವೇ ಮಿಲಿವೋಲ್ಟ್ ಬೀಳುವ ಹಾಗೆ ಕರೆಂಟ್ ಇಡಿ.

ಸಿಲಿಕಾನ್ ಮೇಲೆ ಅಳೆಯುವವರು ಸೂಕ್ಷ್ಮದರ್ಶಕದ ದೀಪ ಆರಿಸಿಯೇ ಓದಬೇಕು. ಬೆಳಕು ಬಿದ್ದ ಸಿಲಿಕಾನ್ ವಿದ್ಯುತ್ ಹರಿಸುತ್ತದೆ, ಜಂಕ್ಷನ್‌ಗೆ ಸಮಾಂತರವಾಗಿ ಇನ್ನೊಂದು ದಾರಿ ತೆರೆಯುತ್ತದೆ, ಓಮ್ ಕಡಿಮೆ ಕಾಣುತ್ತದೆ. ಅದಕ್ಕಾಗಿಯೇ ಡಿಸೈನ್‌ನಲ್ಲಿ ಜಂಕ್ಷನ್ ಇಲ್ಲದ ಎರಡು ಪ್ಯಾಡ್, ಮತ್ತು ಜಂಕ್ಷನ್ ಬದಲು ನೇರ ತಂತಿ ಇರುವ ಎರಡು ಪ್ಯಾಡ್ ಇರಲೇಬೇಕು. ಮೊದಲನೆಯದು ತಳದ ಸೋರಿಕೆ ಹೇಳುತ್ತದೆ, ಎರಡನೆಯದು ತಂತಿಯ ಓಮ್.

ನಾನು ಕೊಡುವ ಫೈಲ್‌ನಲ್ಲಿ ಜಂಕ್ಷನ್ ಬದಿ 120ರಿಂದ 300 ನ್ಯಾನೊಮೀಟರ್ ತನಕ 20ರ ಹೆಜ್ಜೆಯಲ್ಲಿ ಏರುತ್ತದೆ. ಪ್ರತಿ ಗಾತ್ರಕ್ಕೂ ಹಲವು ಪ್ರತಿ, ಚಿಪ್‌ನ ಬೇರೆ ಬೇರೆ ಮೂಲೆಯಲ್ಲಿ. ಅಳೆದಮೇಲೆ ರೆಸಿಸ್ಟೆನ್ಸಿನ ವಿಲೋಮದ ವರ್ಗಮೂಲವನ್ನು ಚಿತ್ರದ ಬದಿಯಳತೆಯ ಎದುರು ಗುರುತಿಸಿ. ಎಲ್ಲ ಸರಿಯಿದ್ದರೆ ನೆಟ್ಟಗಿನ ಗೆರೆ ಬರುತ್ತದೆ. ಆ ಗೆರೆ ಸೊನ್ನೆಯನ್ನು ಮುಟ್ಟುವ ಜಾಗ ಚಿತ್ರಕ್ಕೂ ನಿಜವಾದ ಲೋಹಕ್ಕೂ ಇರುವ ಅಗಲದ ವ್ಯತ್ಯಾಸ. ಗೆರೆಯ ಇಳಿಜಾರು ಆಕ್ಸೈಡ್‌ನ ಸ್ವಭಾವ. ಲಿಥೊಗ್ರಫಿ ಒಂದು ಕಡೆ, ಆಕ್ಸಿಡೇಶನ್ ಇನ್ನೊಂದು ಕಡೆ, ಒಂದೇ ಗ್ರಾಫಿನಲ್ಲಿ ಬೇರೆಬೇರೆಯಾಗಿ ಕೈಗೆ ಸಿಗುತ್ತವೆ. ನಮ್ಮ ಕೆಲಸದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಗ್ರಾಫ್ ಇಲ್ಲ.

ಗ್ರಾಫ್ ಕೆಟ್ಟಾಗ ಹುಡುಕುವ ಜಾಗಗಳೂ ತಕ್ಕಮಟ್ಟಿಗೆ ನಿಶ್ಚಿತ. ಎಲ್ಲ ಓಮ್‌ಗಳೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಆಕ್ಸಿಜನ್ ಒತ್ತಡ ಅಥವಾ ಅಳೆಯುವಲ್ಲಿ ಆದ ತಡ. ಸಣ್ಣವು ಮಾತ್ರ ಗೆರೆಯಿಂದ ಜಾರಿದ್ದರೆ ಡೋಸ್ ಅಥವಾ ಡೆವಲಪ್. ಒಂದು ಅಂಚಿನಿಂದ ಇನ್ನೊಂದಕ್ಕೆ ನಿಧಾನವಾಗಿ ಏರಿದ್ದರೆ ಕೋನ ಇಲ್ಲವೇ ರೆಸಿಸ್ಟ್ ದಪ್ಪ. ಯಾವ ನಿಯಮವೂ ಇಲ್ಲದೆ ಚದುರಿದ್ದರೆ ಶೇಷ ಉಳಿದಿದೆ, ಪ್ಲಾಸ್ಮಾ ಹೆಜ್ಜೆಗೆ ಮರಳಿ. ಅಲ್ಲೊಂದು ಇಲ್ಲೊಂದು ಪೂರ್ತಿ ತೆರೆದಿದ್ದರೆ ಮೆಟ್ಟಿಲು ಹರಿದಿದೆ.

ಜಂಕ್ಷನ್‌ಗೆ ವಯಸ್ಸಾಗುತ್ತದೆ. ಲಿಫ್ಟ್‌ಆಫ್ ಆದ ಮೊದಲ ದಿನಗಳಲ್ಲಿ ಓಮ್ ತೆವಳುತ್ತ ಏರುತ್ತದೆ, ಆಮೇಲೆ ನಿಧಾನಿಸುತ್ತದೆ. ಅದಕ್ಕೆ ಪ್ರತಿ ವೇಫರನ್ನೂ ಲಿಫ್ಟ್‌ಆಫ್ ಆಗಿ ಅಷ್ಟೇ ಗಂಟೆ ಕಳೆದ ಮೇಲೆ ಅಳೆಯಿರಿ, ಇಲ್ಲವಾದರೆ ಎರಡು ರನ್‌ಗಳನ್ನು ಹೋಲಿಸಲು ಆಗುವುದಿಲ್ಲ. ಬಿಸಿಯಾದರೂ ಓಮ್ ಬದಲಾಗುತ್ತದೆ. ಐಬಿಎಂನವರು ಇದನ್ನೇ ಉಪಯೋಗಕ್ಕೆ ತಿರುಗಿಸಿ, ಲೇಸರ್‌ನಿಂದ ಒಂದೊಂದೇ ಜಂಕ್ಷನ್ ಕಾಯಿಸಿ ಓಮ್ ಏರಿಸಿ ಫ್ರೀಕ್ವೆನ್ಸಿ ತಿದ್ದುವ ವಿಧಾನ ಮಾಡಿಕೊಂಡಿದ್ದಾರೆ. ಆ ಸೌಲಭ್ಯ ಇರುವವರು ಗುರಿಗಿಂತ ತುಸು ಕಡಿಮೆ ಓಮ್‌ಗೆ ಮಾಡಿಟ್ಟುಕೊಳ್ಳುವುದು ಜಾಣತನ.

ತಳಕ್ಕೆ ಸೇರಿಸಿ, ಫ್ರಿಜ್‌ಗೆ

ಟೆಸ್ಟ್ ಸಾಲುಗಳಲ್ಲಿ ಓಮ್‌ನ ಚದುರುವಿಕೆ ಶೇ 3ರೊಳಗೆ ನಿಂತರೆ ಕ್ಯುಬಿಟ್ ಚಿಪ್ ಕೈಗೆತ್ತಿಕೊಳ್ಳಿ ಎನ್ನುತ್ತೇನೆ. ಅಲ್ಲಿ ಹೊಸದಾಗಿ ಸೇರುವ ತೊಡಕು ಒಂದೇ: ಜಂಕ್ಷನ್‌ನ ಅಲ್ಯೂಮಿನಿಯಂ ತಳದ ಲೋಹವನ್ನು ಮುಟ್ಟುವ ಜಾಗದಲ್ಲಿ ಸ್ವಾಭಾವಿಕ ಆಕ್ಸೈಡ್ ಇರುತ್ತದೆ. ಆರ್ಗಾನ್ ಅಯಾನುಗಳಿಂದ ಅದನ್ನು ಕೆರೆದು ತೆಗೆಯಬೇಕು. ಜಂಕ್ಷನ್ ಹಾಕುವ ಮುಂಚೆಯೇ ಕೆರೆದರೆ ತೆರೆದ ಸಿಲಿಕಾನ್‌ಗೂ ಏಟು ಬೀಳುತ್ತದೆ, ಅಲ್ಲಿ ನಷ್ಟ ಹೆಚ್ಚುತ್ತದೆ. ಆದ್ದರಿಂದ ಜಂಕ್ಷನ್ ಮೊದಲು, ಆಮೇಲೆ ಬೇರೆ ಲಿಥೊಗ್ರಫಿಯಲ್ಲಿ ಎರಡು ಲೋಹಗಳು ಮುಟ್ಟುವ ಕಡೆ ಮಾತ್ರ ಕಿಂಡಿ ತೆರೆದು, ಕೆರೆದು, ಮೇಲೆ ಅಲ್ಯೂಮಿನಿಯಂ ಪಟ್ಟಿ ಹಾಕುವುದು ಒಳ್ಳೆಯದು. ಇದಕ್ಕೆ ಬ್ಯಾಂಡೇಜ್ ಎಂದೇ ಹೆಸರು.

ಕತ್ತರಿಸುವಾಗ ಮೇಲೆ ರೆಸಿಸ್ಟ್ ಹೊದಿಸಿ, ಕತ್ತರಿಸಿದ ಮೇಲೆ ಚೆನ್ನಾಗಿ ತೊಳೆಯಿರಿ. 25 ಮೈಕ್ರಾನ್ ಅಲ್ಯೂಮಿನಿಯಂ ತಂತಿಯಿಂದ ಬಾಂಡ್ ಮಾಡುವಾಗ ಗ್ರೌಂಡ್‌ಗೆ ಜಿಪುಣತನ ಬೇಡ. ಸಿಗ್ನಲ್ ಗೆರೆಯ ಎರಡು ಬದಿಯ ಗ್ರೌಂಡನ್ನೂ ಅಡ್ಡಲಾಗಿ ಬೆಸೆಯಿರಿ. ತಾಮ್ರದ ಪೆಟ್ಟಿಗೆ, ಅದರ ಹೊರಗೆ ಕಾಂತಕ್ಷೇತ್ರ ತಡೆಯುವ ಕವಚ. 5 ಗಿಗಾಹರ್ಟ್ಜ್ ಎಂದರೆ 240 ಮಿಲಿಕೆಲ್ವಿನ್‌ಗೆ ಸಮ, ಹಾಗಾಗಿ ಡೈಲ್ಯೂಶನ್ ಫ್ರಿಜ್‌ನ ತಳ 20 ಮಿಲಿಕೆಲ್ವಿನ್‌ನ ಕೆಳಗಿದ್ದರೆ ಕ್ಯುಬಿಟ್ ತನ್ನ ತಳಮಟ್ಟದಲ್ಲಿ ಕೂರುತ್ತದೆ.

ಅದೇ ಚಿಪ್‌ನಲ್ಲಿ ಜಂಕ್ಷನ್ ಇಲ್ಲದ ಒಂದೆರಡು ರೆಸೊನೇಟರ್‌ಗಳನ್ನು ಇಟ್ಟಿರಿ. ಸಿಲಿಕಾನ್ ಮೇಲೆ 7 ಗಿಗಾಹರ್ಟ್ಜ್‌ನ ಕಾಲು ತರಂಗಕ್ಕೆ 4.2 ಮಿಲಿಮೀಟರ್ ಉದ್ದ ಸಾಕು, ಮಡಚಿ ಹಾಕಿದರೆ ಜಾಗ ತಿನ್ನುವುದಿಲ್ಲ. ಕ್ಯುಬಿಟ್‌ನ ಗುಣಾಂಕ (ಕ್ವಾಲಿಟಿ ಫ್ಯಾಕ್ಟರ್, ಶಕ್ತಿ ಎಷ್ಟು ನಿಧಾನವಾಗಿ ಸೋರುತ್ತದೆ ಎಂಬುದರ ಅಳತೆ) 10 ಲಕ್ಷ ಇದ್ದರೆ 5 ಗಿಗಾಹರ್ಟ್ಜ್‌ನಲ್ಲಿ ಆಯುಷ್ಯ ಸುಮಾರು 32 ಮೈಕ್ರೊಸೆಕೆಂಡ್, ಒಂದು ಕೋಟಿ ಇದ್ದರೆ 320. ರೆಸೊನೇಟರ್ ಅಳೆಯುವಾಗ ಪವರನ್ನು ಸರಾಸರಿ ಒಂದು ಫೋಟಾನ್ ಮಟ್ಟಕ್ಕೆ ಇಳಿಸಿ. ಹೆಚ್ಚು ಪವರ್‌ನಲ್ಲಿ ಆ ಎರಡು ಮಟ್ಟದ ವ್ಯವಸ್ಥೆಗಳು ತುಂಬಿಹೋಗಿ ಗುಣಾಂಕ ಸುಳ್ಳಾಗಿ ಚೆಂದ ಕಾಣುತ್ತದೆ. ಕಡಿಮೆ ಪವರ್‌ನಲ್ಲೂ ರೆಸೊನೇಟರ್ ಚೆನ್ನಾಗಿದ್ದು ಕ್ಯುಬಿಟ್ ಮಾತ್ರ ಸೊರಗಿದ್ದರೆ ಜಂಕ್ಷನ್ ಲಿಥೊಗ್ರಫಿ, ಪ್ಲಾಸ್ಮಾ, ಬ್ಯಾಂಡೇಜ್ ಕಡೆ ನೋಡಿ. ಎರಡೂ ಸೊರಗಿದ್ದರೆ ತಳದ ಲೋಹ ಮತ್ತು ಅದರ ಮುಂಚಿನ ತೊಳೆತದ ಕಡೆ. ಅದೇ ವೇಫರಿನ ಒಂದು ಟೆಸ್ಟ್ ಚಿಪ್ಪನ್ನು ನೈಟ್ರೊಜನ್ ಪೆಟ್ಟಿಗೆಯಲ್ಲಿ ತೆಗೆದಿಟ್ಟಿರಿ, ಕ್ಯುಬಿಟ್ ತಣ್ಣಗಾಗುವ ದಿನ ಅದರ ಓಮ್ ಮತ್ತೊಮ್ಮೆ ಅಳೆದು ಫ್ರೀಕ್ವೆನ್ಸಿಯ ಪಕ್ಕದಲ್ಲೇ ಬರೆಯಿರಿ.